ನೆಟ್ಟಗೆ ಕೂತ ಸೈಟು

ಮಾರ್ಚ್ ೪, ಸೋಮವಾರ, ಬೆಳಿಗ್ಗೆ

ಪಿಸ್ತೂಲು ಖಾಲಿ ಇದೆಯೇ ಎಂದು ಮತ್ತೊಮ್ಮೆ ನೋಡಿ ವೈಸಿನ ಇಕ್ಕಳಕ್ಕೆ ಕಚ್ಚಿಸಿದೆ. ನಾದಿನಿಯದು. ನಿನ್ನೆ ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದು, ಗುರಿ ಹಿಡಿಯುವ ಹಿಂಬದಿಯ ಸೈಟಿನ ಒಂದು ಕಿವಿ ಮುರಿದಿದೆ. ಬರುವ ಭಾನುವಾರವೇ ಶೂಟಿಂಗ್ ತಂಡದ ಆಯ್ಕೆ! ಅವಳಿಗೆ ಎರಡು ಸಲ ಕೂದಲೆಳೆಯಲ್ಲಿ ತಪ್ಪಿದೆ. ವಯಸ್ಸಿನ ಮಿತಿ... ಇದೇ ಕೊನೆಯ ಅವಕಾಶ. "ನೀವಿದ್ದೀರಲ್ಲ ಅತ್ತಿಗೆ" ಎಂದು ಹೋದಳು. ಕ್ಲಬ್ಬಿನ ರಿಪೇರಿ ಕೋಣೆ ನನ್ನದು. ಹೊಗಳಿದರೆ ಉಬ್ಬುವ ಸ್ವಭಾವವೂ ನನ್ನದೇ.

ಮಾರ್ಚ್ ೫

ಹೊಸ ಸೈಟು ಬಂತು! ಪಿಸ್ತೂಲಿನ ಮೇಲಿನ ಕಚ್ಚಿನಲ್ಲಿ ಕೂರಲೊಲ್ಲದು. ಉಜ್ಜಬೇಕಾದ್ದು ಸೈಟಿನ ಅಡಿಯನ್ನು, ಪಿಸ್ತೂಲಿನ ಕಚ್ಚನ್ನಲ್ಲ. ಅಡಿಗೆ ಮಾರ್ಕರ್ ಬಳಿದು ತೂರಿಸುವುದು, ಮಸಿ ಅಳಿಸಿಹೋದ ಕಡೆ ಮಾತ್ರ ಅರ ಆಡಿಸುವುದು. ಮತ್ತೆ ಮಸಿ, ಮತ್ತೆ ಅರ. ಯಜಮಾನರು ಇಣುಕಿ, "ಊಟಕ್ಕೆ ಬರ್ತೀಯಾ, ಇಲ್ಲಾ ಅದನ್ನೇ ತಿಂತೀಯಾ?" ಎಂದರು. ಕೇಳಿಸದವಳಂತಿದ್ದೆ. ಕೊನೆಗೆ ಬೆರಳಿನ ಒತ್ತಿಗೆ ಅರ್ಧಕ್ಕಿಂತ ಕಡಿಮೆ ಒಳಹೋಯಿತು, ಬೇಕಾದಷ್ಟೇ. ಉಳಿದದ್ದಕ್ಕೆ ಹಿತ್ತಾಳೆ ಕಡ್ಡಿ, ಪುಟ್ಟ ಸುತ್ತಿಗೆ. ಟಕ್. ಟಕ್. ಕೂತಿತು! ನಟ್ಟನಡುವೆ!

ಗುರಿ ಅಭ್ಯಾಸದ ರೇಂಜಿಗೆ ಹೋಗಿ, ಮರಳಿನ ಚೀಲಕ್ಕೆ ಕೈ ಆನಿಸಿ ಹೊಡೆದೆ. ಎಲ್ಲವೂ ನಡುವಿಗೇ ಬಿದ್ದವು. ಕುಣಿಯುವುದೊಂದು ಬಾಕಿ.

ಮಾರ್ಚ್ ೬, ಸಂಜೆ

ನಾದಿನಿ ಹೊಡೆದಳು. ಗುಂಡುಗಳ ಗುಂಪು ಒತ್ತಾಗಿಯೇ ಇದೆ — ಆದರೆ ಎಡಕ್ಕೆ!

"ಸೈಟು ಸೊಟ್ಟ, ಅತ್ತಿಗೆ."

"ಸೊಟ್ಟ ಇರೋದು ನಿನ್ನ ಕೈ!"

ಮೈಯೆಲ್ಲ ಉರಿಯಿತು. ಪಿಸ್ತೂಲು ಖಾಲಿ ಮಾಡಿಸಿ ಕೋಣೆಗೆ ತಂದು ದೀಪದಡಿ ಹಿಡಿದೆ. ಸಿಕ್ಕಿತು! ಹಳೆಯ ಸೈಟು ಕೂತಿದ್ದ ಗುರುತು, ಕೂದಲಷ್ಟು ಬಲಕ್ಕೆ. ವರ್ಷಗಟ್ಟಲೆ ಅದು ಗುಂಡನ್ನು ಬಲಕ್ಕೆ ಒಯ್ದಿದೆ. ಅವಳ ಕೈ ತನಗೇ ತಿಳಿಯದೆ ಎಡಕ್ಕೆ ಎಳೆದು ಸರಿದೂಗಿಸಿದೆ. ಈಗ ಸೈಟು ನೆಟ್ಟಗಾಯಿತು, ಕೈ ಮಾತ್ರ ಹಳೆಯದೇ. ನಗು ತಡೆಯಲಾಗಲಿಲ್ಲ.

ಅವಳಿಗೂ ತೋರಿಸಿದೆ. "ಒಂದೇ ಏಟು, ಬಲಕ್ಕೆ ಸರಿಸಿಬಿಡ್ತೀನಿ. ಭಾನುವಾರ ಮುಗೀಲಿ."

ಪಿಸ್ತೂಲನ್ನು ತನ್ನತ್ತ ಎಳೆದುಕೊಂಡಳು. ಆಮೇಲೆ — "ಎರಡು ಸಲ ಆ ಸೊಟ್ಟದ್ರಲ್ಲೇ ಸೋತಿದ್ದೀನಿ. ಮುಟ್ಟಬೇಡಿ. ಕೈ ನಾನು ತಿದ್ಕೋತೀನಿ."

ನಾಲ್ಕೇ ದಿನದಲ್ಲಿ? ಹುಚ್ಚಿ! ತಬ್ಬಿಕೊಳ್ಳಬೇಕೆನಿಸಿತು, ಬೈದು ಕಳಿಸಿದೆ.

ಮಾರ್ಚ್ ೯

ಮೂರು ದಿನದಿಂದ ಖಾಲಿ ಪಿಸ್ತೂಲು ಹಿಡಿದು ಗೋಡೆಗೆ ಗುರಿ ಇಡುತ್ತಿದ್ದಾಳೆ. ರೇಂಜಿನಲ್ಲಿ ಬೆಳಿಗ್ಗೆ ನಡುವಿಗೆ, ಸಂಜೆ ಮತ್ತೆ ಎಡಕ್ಕೆ. ಸುತ್ತಿಗೆ, ಕಡ್ಡಿ ಕೈಚೀಲಕ್ಕೆ ಹಾಕಿಕೊಂಡೆ. ಅವಳಿಗೆ ಗೊತ್ತಿಲ್ಲ.

ಮಾರ್ಚ್ ೧೦, ರೇಂಜಿನ ಬೆಂಚು

ಬರೆಯುತ್ತಲೇ ಇದ್ದೇನೆ, ಇಲ್ಲದಿದ್ದರೆ ಉಗುರು ಉಳಿಯುವುದಿಲ್ಲ. ಅಭ್ಯಾಸದ ಗುಂಡು — ಎಡಕ್ಕೆ. ಇನ್ನೊಂದು — ಎಡಕ್ಕೇ. ನನ್ನ ಕೈ ತಾನಾಗಿ ಚೀಲಕ್ಕೆ ಹೋಯಿತು. ಅವಳು ನೋಡಿಬಿಟ್ಟಳು! ತಲೆಯಾಡಿಸಿದಳು, ಬೇಡ ಎಂದು. ಭುಜ ಸಡಿಲಿಸಿ, ಕಾಲು ಸರಿಸಿ ನಿಂತಳು.

ಸ್ಪರ್ಧೆ ಶುರು. ಹತ್ತು. ಒಂಬತ್ತು. ಹತ್ತು! ಮತ್ತೆ ಹತ್ತು! ಯಜಮಾನರು ನನ್ನ ತೋಳು ಚಿವುಟುತ್ತಿದ್ದಾರೆ, ನೋಯುತ್ತಲೂ ಇಲ್ಲ.

ಕೊನೆಯ ಗುಂಡು. ಹತ್ತು ಬಿದ್ದರೆ ತಂಡದಲ್ಲಿ, ಇಲ್ಲದಿದ್ದರೆ ಇಲ್ಲ.

ಢಂ!

ಅವಳು ಅಂಕ ತೋರಿಸುವ ಪರದೆ ನೋಡಲಿಲ್ಲ. ನನ್ನ ಮುಖ ನೋಡುತ್ತಿದ್ದಾಳೆ, ನಾನೇ ಹೇಳಲಿ ಎಂದು. ಪರದೆ ಬೆಳಗಿತು. ಚುಕ್ಕೆ ನಟ್ಟನ—