ದೊರೆಯ ಎಂಟು ಸಾವಿರ ಹೆಜ್ಜೆ

ಫೆಬ್ರವರಿ ೧೧
ಭಾನುವಾರ, ಊಟವಾದ ಮೇಲೆ

ಪ್ರೀತಿಯ ಚೂಟಿ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಫೋನ್ ಮಾಡೋಣವೆಂದರೆ ನಿನ್ನ ಅಣ್ಣ ಮನೆಯಲ್ಲೇ ಸುಳಿದಾಡುತ್ತಿರುತ್ತಾರೆ. ಅವರೆದುರಿಗೇ ಅವರ ಗುಣಗಾನ ಮಾಡುವುದು ಹೇಗೆ? ಅದಕ್ಕೇ ಬರೆಯುತ್ತಿದ್ದೇನೆ. ದೊರೆಯ ಕಾಲಿಗೆ ಹಾಕಿದ್ದ ಪಟ್ಟಿ ಬಿಚ್ಚಿದರೆಂದು ಓದಿ ಜೀವ ತಣ್ಣಗಾಯಿತು. ಕುಂಟಿದರೂ ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತಿದೆಯಲ್ಲ, ಅಷ್ಟು ಸಾಕು.

“ಅತ್ತಿಗೆ, ಆ ಮನೇಲಿ ಮನುಷ್ಯರು ಅಂತ ಇರೋದು ನೀವೊಬ್ಬರೇ” ಎಂದು ಬರೆದಿದ್ದೀಯ. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಮುಂದಿನ ತಿಂಗಳು ನೀನು ಮತ್ತೆ ಸರ್ವೆ ಕೆಲಸಕ್ಕೆ ಹೊರಟರೆ ಮೂರು ತಿಂಗಳು ಬರುವುದಿಲ್ಲ, ದೊರೆಯನ್ನು ನನ್ನ ಕೈಗೇ ಒಪ್ಪಿಸುತ್ತೀಯ, ಅಣ್ಣ ಅದನ್ನು ಮುಟ್ಟಕೂಡದು, ಅಣ್ಣನ ಮುಖವನ್ನು ನೀನು ಇನ್ನು ನೋಡುವುದಿಲ್ಲ. ಇದಕ್ಕೆ ನನ್ನ ಉತ್ತರ ಕೇಳಿದ್ದೀಯ. ಕೊಡುತ್ತೇನೆ, ಆದರೆ ಮೊದಲು ಹೊಟ್ಟೆಯಲ್ಲಿ ಇರುವುದನ್ನೆಲ್ಲ ಕಕ್ಕಿಬಿಡುತ್ತೇನೆ.

ಹೇಸಿಗೆ, ಚೂಟಿ. ಬೇರೆ ಪದ ಹುಡುಕಿದೆ, ಸಿಗಲಿಲ್ಲ. ಅವರು ತಟ್ಟೆಯ ಮುಂದೆ ಕೂತು ಚಪ್ಪರಿಸುವ ಸದ್ದು ಕೇಳಿದರೂ ಈಗ ನನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋಗಿಬಿಡುತ್ತೇನೆ. ಹೆಸರಿಗೆ ವ್ಯಾಯಾಮದ ಮೇಷ್ಟ್ರು. ಇಡೀ ಶಾಲೆಯ ಮಕ್ಕಳನ್ನು ಸೀಟಿ ಊದಿ ಮೈದಾನದ ಸುತ್ತ ಓಡಿಸುವವರಿಗೆ ಒಂದು ನಾಯಿಯನ್ನು ಬೀದಿಯ ಕೊನೆಯವರೆಗೆ ನಡೆಸಿಕೊಂಡು ಹೋಗಲು ಆಗಲಿಲ್ಲ.

ಹೋದ ಸಲ ನೀನು ಫ್ರಿಜ್ಜಿಗೆ ಅಂಟಿಸಿ ಹೋದ ಹಾಳೆ ಇನ್ನೂ ಅಲ್ಲೇ ಇದೆ. ದಿನಕ್ಕೆ ಎರಡು ಸಲ, ನಲವತ್ತು ನಲವತ್ತು ನಿಮಿಷ ನಡಿಗೆ. ಕೊರಳಪಟ್ಟಿಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಸೀಟಿ ಊದಿದರೆ ಎಲ್ಲಿದ್ದರೂ ಓಡಿ ಬರುವ ಅಭ್ಯಾಸ ತಪ್ಪಿಸಬಾರದು. ಬಾಗಿಲ ಹಿಂದೆ ಕೆಂಪು ಚೀಲ; ಅದರಲ್ಲಿ ಮೂರು ದಿನದ ತಿನಿಸು, ಹಗ್ಗ, ಚುಚ್ಚುಮದ್ದಿನ ಕಾಗದ, ನೀನೂ ದೊರೆಯೂ ಇರುವ ಫೋಟೋ. ಬೆಂಕಿಯೋ ನೆರೆಯೋ ಬಂದರೆ ಒಂದು ಕೈಗೆ ಚೀಲ, ಇನ್ನೊಂದು ಕೈಗೆ ದೊರೆ. ಇದಕ್ಕಿಂತ ಬಿಡಿಸಿ ಯಾರು ಬರೆದಾರು?

ಮೊದಲ ವಾರ ನಡೆಸಿದರು. ಎರಡನೆಯ ವಾರ ಮಂಡಿ ನೋವು ಬಂತು. ಮೂರನೆಯ ವಾರ ನೋಡುತ್ತೇನೆ, ಕೆಂಪು ಚೀಲದ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿಕೊಂಡು ತಿನ್ನುತ್ತಿದ್ದಾರೆ. ನಾಯಿಯದ್ದು ಎಂದರೆ, ಉಪ್ಪು ಸ್ವಲ್ಪ ಕಮ್ಮಿ ಎಂದರು. ಥೂ! ಖಾಲಿಯಾದ ಚೀಲದಲ್ಲಿ ಬೆವರು ನಾರುವ ತಮ್ಮ ಕಾಲುಚೀಲ ತುರುಕಿದರು. ಹೊರಗೆ ಹೋಗಲಾರದ ದೊರೆ ಹಿಂದಿನ ಬಾಲ್ಕನಿಯಲ್ಲೇ ಎಲ್ಲ ಮುಗಿಸತೊಡಗಿತು. ತೊಳೆಯುವ ಬದಲು ಅದರ ಮೇಲೊಂದು ಹಳೆಯ ಪೇಪರ್, ಆ ಪೇಪರಿನ ಮೇಲೆ ಇನ್ನೊಂದು. ಬಿಸಿಲೇರಿದರೆ ಆ ವಾಸನೆ ನನ್ನ ಹೊಲಿಗೆಯ ಕೋಣೆಯವರೆಗೂ ಬರುತ್ತಿತ್ತು.

ಕೊರಳಪಟ್ಟಿ ಹೆಜ್ಜೆ ಎಣಿಸುತ್ತದೆ, ಅದು ನಿನ್ನ ಫೋನಿನಲ್ಲಿ ಕಾಣುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಇವತ್ತು ಮುನ್ನೂರೇ ಹೆಜ್ಜೆ ಯಾಕೆ ಎಂದು ನೀನು ಕೇಳಿದೆಯಲ್ಲ, ಅದರ ಮರುದಿನವೇ ಪಟ್ಟಿಯನ್ನು ದೊರೆಯ ಕೊರಳಿಂದ ಬಿಚ್ಚಿ, ನೀಲಿ ಯೂನಿಫಾರಂ ಬಟ್ಟೆಯ ಚೂರಿನಿಂದ ಹೊಲಿಗೆ ಮೆಷಿನ್ನಿನ ಪೆಡಲ್ಲಿಗೆ ಕಟ್ಟಿದರು. ಕಟ್ಟಿ ಹಲ್ಲು ಕಿರಿದರು. ಸಂಜೆಗೆ ಎಂಟು ಸಾವಿರ ಹೆಜ್ಜೆ! ನೀನು ಶಭಾಷ್ ಎಂದು ಬರೆದೆ. ಹೀಗೆ ಒಂದೂವರೆ ತಿಂಗಳು ನಿನ್ನ ಕಣ್ಣಿಗೆ ಮಣ್ಣೆರಚಿದ್ದಾಯಿತು.

ಬೆಂಕಿಯ ದಿನದ್ದು ನಿನಗೆ ಅರ್ಧ ಮಾತ್ರ ಗೊತ್ತು. ಕೆಳಗಿನ ಸೋಫಾ ಅಂಗಡಿಯಲ್ಲಿ ಹೊತ್ತಿಕೊಂಡಾಗ ಮಧ್ಯಾಹ್ನ ಮೂರು ಗಂಟೆ. ಕಣ್ಣು ಬಿಡಲಾಗದಂಥ ಕರಿ ಹೊಗೆ. ನಿನ್ನ ಅಣ್ಣ ಎದೆಗವಚಿಕೊಂಡು ಇಳಿದದ್ದು ಏನನ್ನು ಗೊತ್ತೆ? ಕಾಲೇಜಿನ ದಿನಗಳ ಪದಕದ ಪೆಟ್ಟಿಗೆ. ರಸ್ತೆಗೆ ಬಂದು ನೋಡಿದರೆ ದೊರೆ ಇಲ್ಲ. ಅಷ್ಟರಲ್ಲಿ ನೀನೇ ಫೋನ್ ಮಾಡಿದೆ. ದೊರೆ ಮನೆಯೊಳಗೇ ಇದೆ, ಫೋನಿನಲ್ಲಿ ತೋರಿಸುತ್ತಿದೆ, ಪಟ್ಟಿಯಿಂದ ಸದ್ದು ಬರುವ ಹಾಗೆ ಒತ್ತಿದ್ದೇನೆ, ಆ ಸದ್ದಿನ ಜಾಡು ಹಿಡಿದು ಹೋಗಿ ಎಂದು ನೀನು ಫೋನಿನಲ್ಲೇ ಬೆಂಕಿ ನಂದಿಸುವವನ ಹತ್ತಿರ ಅಳುತ್ತಾ ಬೇಡಿಕೊಂಡೆ. ಪಾಪ, ಅವನು ಹೋದ. ಮುಂದಿನ ಕೋಣೆಯಲ್ಲಿ ಅವನು ತಡಕಾಡುತ್ತಿದ್ದಾಗ ದೊರೆ ಹಿಂದಿನ ಬಾಲ್ಕನಿಯಿಂದ ಕೆಳಕ್ಕೆ ಹಾರಿ ಕಣ್ಮರೆಯಾಯಿತು. ಬಾಲ್ಕನಿ ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ಏಣಿ ಆ ಕಡೆಗೆ ಹೋಗುತ್ತಿತ್ತು.

ಅವನು ಕೆಮ್ಮುತ್ತಾ ಇಳಿದು ಬಂದು, ನೀಲಿ ಗಂಟಿನ ಸಮೇತ ಇನ್ನೂ ಸದ್ದು ಮಾಡುತ್ತಿದ್ದ ಪಟ್ಟಿಯನ್ನು ನಮ್ಮ ಮುಂದೆ ಹಿಡಿದ.

“ಏನ್ರೀ ಇದು, ನಿಮ್ಮ ನಾಯಿ ಹೊಲಿಗೆ ಕೆಲಸ ಮಾಡುತ್ತಾ?”

ನಿನ್ನ ಅಣ್ಣ ಪಟ್ಟಿಯನ್ನು ಇಸಿದುಕೊಂಡು ಜೇಬಿಗೆ ಹಾಕಿಕೊಂಡರು. ಆಮೇಲೆ ನಾಲ್ಕು ದಿನ ಸೀಟಿ ಊದಿಕೊಂಡು ಬೀದಿ ಬೀದಿ ಅಲೆದರು. ಈಗ ಮಂಡಿ ನೋಯುವುದಿಲ್ಲವೇ ಎಂದು ಕೇಳಿದೆ. ಕೊನೆಗೆ ಬಸ್ ಡಿಪೋದ ಹಳೆಯ ಟಯರುಗಳ ಹಿಂದಿನಿಂದ ದೊರೆ ಮುರಿದ ಕಾಲು ಎಳೆದುಕೊಂಡು ಬಂತು, ಸೀಟಿ ಕೇಳಿ. ಆ ಅಭ್ಯಾಸ ಮಾಡಿಸಿದವಳು ನೀನು, ಆದರೆ ಊದಿದ್ದನ್ನೇ ಹೇಳಿಕೊಂಡು ಅತ್ತವರು ಅವರು.

ನೀನು ಬಂದು ಬಾಯಿಗೆ ಬಂದ ಹಾಗೆ ಬೈದಾಗ ಒಂದಕ್ಕೂ ಉತ್ತರ ಕೊಡದೆ ಕಲ್ಲಿನಂತೆ ನಿಂತಿದ್ದರಲ್ಲ. ಹೇಳಲು ಮುಖವಾದರೂ ಎಲ್ಲಿತ್ತು?

ಆದ್ದರಿಂದ ದೊರೆಯನ್ನು ಧಾರಾಳವಾಗಿ ತಂದು ಬಿಡು. ನಾನಿದ್ದೇನೆ. ಕೆಂಪು ಚೀಲವನ್ನು ಒಗೆದು ಒಣಗಿಸಿದ್ದೇನೆ.

ನಿನ್ನ ನಂಬಿಕೆಯ
ಅತ್ತಿಗೆ

ತಾ.ಕ. ಸೋಮವಾರ ಬೆಳಿಗ್ಗೆ. ಅಂಟಿಸಿಟ್ಟಿದ್ದ ಕವರನ್ನು ಹರಿದು ಮತ್ತೆ ಬರೆಯುತ್ತಿದ್ದೇನೆ. ನಿನ್ನ ಅಣ್ಣ ಶಾಲೆಗೆ ಹೊರಟವರು ಮೇಜಿನ ಮೇಲೆ ಕಾಗದ ಕಂಡು, “ಚೂಟಿಗಾ? ಕೊಡು, ನಾನೇ ಪೋಸ್ಟ್ ಮಾಡ್ತೀನಿ” ಎಂದು ಕೈ ಚಾಚಿದರು. ಒಳಗೆ ಏನು ಬರೆದಿದ್ದೀಯ ಎಂದು ಕೇಳಲಿಲ್ಲ. ಕೊಡಲು ನನಗೆ ಕೈ ಬರಲಿಲ್ಲ.

ಪೆಡಲ್ ತನ್ನಷ್ಟಕ್ಕೆ ತಾನೇ ಆಡುವುದಿಲ್ಲ, ಚೂಟಿ. ಅದರ ಮೇಲಿದ್ದದ್ದು ನನ್ನ ಕಾಲು. ಹತ್ತು ದಿನವಾದ ಮೇಲೆ, ಬೇಡ, ಬಿಚ್ಚಿಬಿಡೋಣ, ನಾಳೆಯಿಂದ ನಡೆಸುತ್ತೇನೆ ಎಂದರು ಅವರು. ಇರಲಿ ಬಿಡಿ ಎಂದವಳು ನಾನು. ನೀನು ದಿನಾ ಸಂಜೆ ಕಳಿಸುವ ಶಭಾಷ್ ನನಗೆ ರುಚಿ ಹತ್ತಿತ್ತು. ಇಷ್ಟು ವರ್ಷ ಹೊಲಿದದ್ದಕ್ಕೆ ಒಬ್ಬರೂ ಹಾಗೆ ಅಂದಿರಲಿಲ್ಲ. ಆಮೇಲೆ ಪ್ರತಿದಿನ ಆ ಗಂಟು ಬಿಗಿ ಮಾಡುತ್ತಿದ್ದವಳು ನಾನೇ. ಹೊಲಿದ ಬಟ್ಟೆಗೆ ಕೂದಲು ಅಂಟುತ್ತದೆಂದು ಬೆಂಕಿಯ ದಿನ ದೊರೆಯನ್ನು ಬಾಲ್ಕನಿಗೆ ದಬ್ಬಿ ಚಿಲಕ ಹಾಕಿದವಳೂ ನಾನೇ. ಅವರ ಕೈಯಲ್ಲಿ ಪದಕದ ಪೆಟ್ಟಿಗೆ ಇತ್ತೆಂದು ಬರೆದೆ, ನನ್ನ ಕೈಯಲ್ಲಿ ಇಸ್ತ್ರಿ ಮಾಡಿದ ಹನ್ನೆರಡು ಯೂನಿಫಾರಂ ಇದ್ದವು. ಮೆಟ್ಟಿಲಿಳಿಯುವಾಗ ಅವರು ತಿರುಗಿ ನಿಂತು “ದೊರೆ ಎಲ್ಲಿ?” ಎಂದರು.

“ಹಿಂದೇನೇ ಬರ್ತಿದೆ, ನಡೀರಿ” ಎಂದೆ.

ಬಾಲ್ಕನಿ ಎಂದು ಹೇಳಬಹುದಾಗಿದ್ದವಳು ನಾನೊಬ್ಬಳೇ. ಹೇಳಿದರೆ ಚಿಲಕ ಯಾರು ಹಾಕಿದ್ದು ಎಂದು ಕೇಳುತ್ತಾರೆಂದು ಸುಮ್ಮನಿದ್ದೆ. ನೀನು ಬೈಯುವಾಗ ಅವರು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ, ಗಮನಿಸಿದೆಯಾ? ಹೇಸಿಗೆ ಎಂದು ಬರೆದದ್ದನ್ನು ಹೊಡೆದುಹಾಕಿಲ್ಲ. ಯಾರ ಮೇಲೆ ಎನ್ನುವುದನ್ನು ನೀನೇ ತಿದ್ದಿಕೋ.

ದೊರೆಯನ್ನು ನನ್ನ ಕೈಗೆ ಕೊಡಬೇಡ. ಇಲ್ಲಿ ಬಿಡಲೇಬೇಕಾಗಿ ಬಂದರೆ, ನಿನ್ನ ಅಣ್ಣನ ಕೈಗೆ ಕೊಡು.