ಮೃತರಿಗೆ ಒಬ್ಬ ಪುತ್ರಿ ಇದ್ದಾರೆ

ನವೆಂಬರ್ 4, ಸೋಮವಾರ. ಸಂಜೆ 6

ಕೇಶ್ವಾಪುರದ ಸ್ಟುಡಿಯೊ. ಮೇಕಪ್ ಅರ್ಧ ಆಗಿತ್ತು, ಕರೆಂಟ್ ಹೋಯಿತು. ಮೊಬೈಲ್ ಟಾರ್ಚ್‌ನಲ್ಲೇ ಲಿಪ್‌ಸ್ಟಿಕ್. ಇಂದು ರಸ್ತೆ ಗುಂಡಿ, ಪಾಲಿಕೆ ಸಭೆ, ಈರುಳ್ಳಿ ದರ… ಕೊನೆಗೆ ನಿಧನ ವಾರ್ತೆ. ನಮ್ಮ ಕೇಬಲ್ ಚಾನೆಲ್‌ನ ಜೀವಾಳವೇ ಅದು. ಗುಂಡಿಯ ಸುದ್ದಿಗೆ ಚಾನೆಲ್ ಬದಲಿಸಿದವರೂ ಏಳೂಕಾಲಿಗೆ ಸರಿಯಾಗಿ ವಾಪಸ್ ಬರುತ್ತಾರೆ — ಯಾರು ಹೋದರು, ಯಾರ್ಯಾರನ್ನು ಅಗಲಿದರು ಎಂದು ಕೇಳಲು. ಮಕ್ಕಳಲ್ಲಿ ಒಬ್ಬರ ಹೆಸರು ಬಿಟ್ಟರೂ ಮರುದಿನ ಮನೆಯವರು ಆಫೀಸಿಗೆ ಬಂದು ಜಗಳ ತೆಗೆಯುತ್ತಾರೆ.

ರಾಜ್ಯೋತ್ಸವದ ಸನ್ಮಾನಪತ್ರ ಮೇಜಿನ ಮೇಲೆ ಬಿದ್ದಿದೆ. ‘ಅಚ್ಚಗನ್ನಡದ ವಾರ್ತಾವಾಚಕಿ ಶ್ರೀಮತಿ ಸೌಂದರ್ಯಾ’. ಶ್ರೀಮತಿಯೂ ಅಲ್ಲ, ಸೌಂದರ್ಯಾನೂ ಅಲ್ಲ. ತಸ್ಲೀಮಾ ನಾನು. ಹನ್ನೊಂದು ವರ್ಷದ ಹಿಂದೆ, ಮೊದಲ ದಿನ ಓದಿ ಹೊರಬಂದ ಮೇಲೆ ಗೊತ್ತಾಯಿತು, ಪರದೆಯ ಮೇಲೆ ಹೋಗಿದ್ದು ಬೇರೆ ಹೆಸರು. ಕನ್ನಡ ಓದುವವರಿಗೆ ಇದು ಒಪ್ಪುತ್ತದೆ ಎಂದು ಮಾಲೀಕ ಫಕೀರೇಶ ಸರ್ ನಕ್ಕರು. ಆವತ್ತೇ ಜಗಳವಾಡಿದೆ. ಆಮೇಲೂ ಆಗಾಗ ಆಡುತ್ತಲೇ ಇದ್ದೇನೆ. ಪ್ರತಿ ಸಲವೂ ಚಹಾ ತರಿಸುತ್ತಾರೆ. ಚಹಾ ಕುಡಿದಿದ್ದೇನೆ. ಹೆಸರು ಒಪ್ಪಿಲ್ಲ.

ನವೆಂಬರ್ 6, ಬುಧವಾರ

ಹಳೇ ಹುಬ್ಬಳ್ಳಿಯಲ್ಲಿ ಅಬ್ಬಾನ ಟಿವಿ ರಿಪೇರಿ ಅಂಗಡಿ. ಊಟದ ಡಬ್ಬಿ ಒಯ್ದಿದ್ದೆ. ನಿನ್ನೆಯ ಬುಲೆಟಿನ್ ಮರುಪ್ರಸಾರ — ರಿಪೇರಿಯಾದ ಟಿವಿಗಳಲ್ಲೆಲ್ಲ ನಾನೇ. ನಾನು ಒಳಗೆ ಡಬ್ಬಿ ಬಿಚ್ಚುತ್ತಿದ್ದೆ. ಗಿರಾಕಿಯೊಬ್ಬ ಅಂದ: “ಈ ಸೌಂದರ್ಯಾ ಮೇಡಂ ಭಾಳ ಛಲೋ ಓದ್ತಾರ ನೋಡ್ರಿ, ಕಾಕಾ.”

ಅಬ್ಬಾ ಕೈಯಲ್ಲಿದ್ದ ಕೆಲಸ ಬಿಡಲಿಲ್ಲ. “ಹೌದ್ರಿ. ಛಲೋ ಓದ್ತಾರ.”

ಯಾರೋ ಪರಿಚಯವಿಲ್ಲದ ಹೆಂಗಸಿನ ಬಗ್ಗೆ ಹೇಳಿದ ಹಾಗೆ. ನನ್ನ ಕೆಲಸಕ್ಕೆ ತೊಂದರೆ ಆಗಬಾರದು ಎಂದು ಹನ್ನೊಂದು ವರ್ಷದಿಂದ ಹೀಗೇ. ‘ನನ್ನ ಮಗಳು’ ಅನ್ನಲು ಎಷ್ಟು ಆಸೆಯಿದೆ ಎಂದು ನನಗೆ ಗೊತ್ತು. ಸಿಟ್ಟು ಬಂತು. ಅಬ್ಬಾನ ಮೇಲಲ್ಲ.

ನವೆಂಬರ್ 8, ಶುಕ್ರವಾರ

ಬೆಳಗ್ಗೆ ಅಂಗಡಿಯ ಶಟರ್ ಎತ್ತುವಾಗ ಅಬ್ಬಾ ಕುಸಿದರಂತೆ. ವಿದ್ಯಾನಗರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ…

ನವೆಂಬರ್ 13, ಬುಧವಾರ. ಸಂಜೆ 5

ಅಬ್ಬಾನ ಮೂರನೇ ದಿನದ ಜಿಯಾರತ್ ಮುಗಿಯಿತು. ಬಂದವರೆಲ್ಲ ಹೋದರು. ಇಂದು ಕೆಲಸಕ್ಕೆ ಬಂದೆ.

ಅಬ್ಬಾನ ನಿಧನ ವಾರ್ತೆ ಇನ್ನೂ ಹೋಗಿಲ್ಲ. ತಮ್ಮ ಜಾಕೀರ ಶುಕ್ರವಾರವೇ ಬರೆದುಕೊಟ್ಟಿದ್ದ. ಅಮ್ಮಿ ದಿನಾ ಏಳೂಕಾಲಿಗೆ ಟಿವಿ ಮುಂದೆ ಕೂತು ಕಾದಿದ್ದಾಳೆ. ಊರಿನವರೆಲ್ಲರ ಸಾವು ಓದಿದ್ದೇನೆ, ನನ್ನ ಅಪ್ಪನದಕ್ಕೆ ಜಾಗವಿಲ್ಲ.

ಫಕೀರೇಶ ಸರ್ ಬಾಗಿಲು ಮುಂದೆ ಮಾಡಿ ಮೆತ್ತಗೆ ಮಾತಾಡಿದರು. ಅಬ್ಬಾನ ಬಗ್ಗೆ ಒಳ್ಳೆಯ ಮಾತೇ ಹೇಳಿದರು. ವಾರ್ತೆ ಇಂದೇ ಹೋಗಲಿ, ಪತ್ನಿ, ಪುತ್ರ, ಅಷ್ಟು ಸಾಕು. ಮಗಳ ಸಾಲು ಬೇಡ. ಯಾರಾದರೂ ವಿಚಾರಿಸಿದರೆ, ಜಾಹೀರಾತು ಕೊಡುವವರ ಕಿವಿಗೆ ಬಿದ್ದರೆ…

ಕೇಳಿಯೇಬಿಟ್ಟೆ. “ನಿಮ್ಮ ಹೆಸರಿನ್ಯಾಗ ಫಕೀರ ಅದಾನ್ರಿ, ಸರ್. ಅದಕ್ಕ ಯಾರೂ ಏನೂ ಅನ್ನಂಗಿಲ್ಲ. ನಮ್ಮ ಅಬ್ಬಾಗ ಒಬ್ಬಾಕಿ ಮಗಳದಾಳ ಅಂದ್ರ ಏನ್ ತ್ರಾಸರಿ?”

“ಅದು ನಮ್ಮ ಮನಿ ದೇವರ ಹೆಸರವಾ,” ಅಂದರು. “ನೀ ಬರದಷ್ಟ ಓದು.”

ಚಹಾ ಬಂತು. ಮುಟ್ಟಲಿಲ್ಲ.

ಅದೇ ದಿನ, 7.40

ಓದಿದೆ. ನೇರ ಪ್ರಸಾರ. ಹಾಳೆಯಲ್ಲಿ ನನ್ನ ಹೆಸರಿನ ಮೇಲೆ ಕೆಂಪು ಗೀಟು. “ಹಳೇ ಹುಬ್ಬಳ್ಳಿಯ ಟಿವಿ ಮೆಕ್ಯಾನಿಕ್ ಹುಸೇನಬಾಷಾ ಶುಕ್ರವಾರ ನಿಧನರಾದರು. ಮೃತರಿಗೆ ಪತ್ನಿ ಗುಲ್ಜಾರಬಿ, ಪುತ್ರ ಜಾಕೀರ…” ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. “ಹಾಗೂ ಒಬ್ಬ ಪುತ್ರಿ ಇದ್ದಾರೆ. ಹೆಸರು ತಸ್ಲೀಮಾ. ಅದು ನಾನೇ.”

ಕಟ್ ಮಾಡು ಎಂದು ಫಕೀರೇಶ ಸರ್ ಕೂಗಿದ್ದು ಕ್ಯಾಮೆರಾದ ದುರ್ಗೇಶನ ಹೆಡ್‌ಫೋನಿನಿಂದ ನನಗೂ ಕೇಳಿಸಿತು. ದುರ್ಗೇಶ ಹೆಡ್‌ಫೋನ್ ತೆಗೆದು ಕೊರಳಿಗೆ ಹಾಕಿಕೊಂಡ. ಕ್ಯಾಮೆರಾ ಅಲ್ಲಾಡಿಸಲಿಲ್ಲ.

ಅಮ್ಮಿ ಫೋನ್ ಮಾಡಿದಳು. ಅತ್ತಳು. ನಾನೂ ಅತ್ತೆ. ಆ ಶುಕ್ರವಾರದಿಂದ ಇದೇ ಮೊದಲು.

ನವೆಂಬರ್ 15, ಶುಕ್ರವಾರ. ಸಂಜೆ 6.45

ನಿನ್ನೆ ಆಫೀಸಿನಿಂದ ಮೆಸೇಜ್ ಬಂತು — ನಲವತ್ತು ದಿನ ಮನೆಯಲ್ಲಿದ್ದು ದುಃಖ ಕಳೆದುಕೊಂಡು ಬನ್ನಿ ಎಂದು. ನನ್ನ ದುಃಖದ ಲೆಕ್ಕ ಇವರಿಗೇಕೆ? ಇಂದು ಬಂದೆ.

ಮೇಕಪ್ ಕೋಣೆಯಲ್ಲಿ ನನ್ನ ಕುರ್ಚಿಯ ಮೇಲೆ ಹೊಸ ಹುಡುಗಿ. ಗಡಬಡಿಸಿ ಎದ್ದು ನಿಂತಳು. ಅಮ್ಮಿನಬಾವಿಯವಳು, ಧಾರವಾಡದಲ್ಲಿ ಎಂ.ಎ. ಮಾಡಿದ್ದಾಳೆ. ಹೆಸರು ಶಿವಲಿಂಗವ್ವ. ನಾನೇನೂ ಕೇಳುವ ಮೊದಲೇ ಹೇಳಿದಳು: “ಹೆಸರು ಭಾಳ ಹಳೀದಾತು ಅಂತ ಸರ್ ಅಂದ್ರರಿ, ಮೇಡಂ. ಸೌಂದರ್ಯಾ ಅಂತನ ಹೇಳು, ಮಂದಿಗೆ ರೂಢಿ ಐತಿ ಅಂದಾರ.”

ನಗು ಬಂತು. ಜೋರಾಗಿಯೇ ನಕ್ಕೆ. ಮುಖ ಯಾವುದಾದರೂ ಆಗುತ್ತದೆ, ಹೆಸರು ಮಾತ್ರ ಅವರದೇ ಇರಬೇಕು. ನನಗೊಬ್ಬಳಿಗೇ ಮಾಡಿದ್ದಾರೆ ಅಂದುಕೊಂಡಿದ್ದೆ.

ಹೆಸರಿಟ್ಟವರು ಯಾರು ಎಂದು ಕೇಳಿದೆ. ಅಜ್ಜಿಯಂತೆ. ಇವಳು ಓದುವುದನ್ನು ನೋಡಲು ಅಜ್ಜಿ ಓಣಿಯವರನ್ನೆಲ್ಲ ಮನೆಗೆ ಕರೆದು ಕೂರಿಸಿದ್ದಾಳಂತೆ.

“ಹಂಗಾದ್ರ ಅವರ ಮುಂದ ಯಾರ ಹೆಸರು ಹೇಳ್ತಿ?”

ಅವಳ ಕಣ್ಣಲ್ಲಿ ನೀರು. ಕಾಡಿಗೆ ಸರಿ ಮಾಡಿ, ಸೆರಗಿಗೆ ಪಿನ್ ಹಾಕಿ ಕಳಿಸಿದೆ.

7.00

ಮೇಕಪ್ ಕೋಣೆಯ ಮಾನಿಟರ್ ಮುಂದೆ ಕೂತು ಬರೆಯುತ್ತಿದ್ದೇನೆ. ಫಕೀರೇಶ ಸರ್ ಬಾಗಿಲಲ್ಲಿ ನಿಂತಿದ್ದಾರೆ, ಹೊರಡು ಎನ್ನಲು. ಹೊರಡುವುದಿಲ್ಲ. ಪರದೆಯ ಕೆಳಗೆ ಆಗಲೇ ಬಂತು — ‘ಸೌಂದರ್ಯಾ’. ಹುಡುಗಿ ಹಾಳೆ ನೋಡಿದಳು. ತಲೆ ಎತ್ತಿದಳು.

“ನಮಸ್ಕಾರ. ವಾರ್ತೆಗಳು. ಓದುತ್ತಿರುವವರು ಶಿವಲಿಂಗವ್ವ.”