ಮಣ್ಣಿನಿಂದ ಆರಿಸಿದ ಮಡಿಲಕ್ಕಿ

ರೀ,

“ಹುಳ ಸಾಕೋಳಿಗೆ ಮನೆ ಯಾಕೆ, ಗಂಡ ಯಾಕೆ” ಅಂತ ಬೆಳಿಗ್ಗೆ ಬೀದಿಗೆಲ್ಲ ಕೇಳುವ ಹಾಗೆ ಕೂಗಲು ನಿಮಗೆ ನಾಲಿಗೆಯಾದರೂ ಹೇಗೆ ಬಂತು?

ತಪ್ಪು ನನ್ನದೂ ಇದೆ. ಅಮ್ಮ ಕೊನೆಯ ಸಲ ಕಟ್ಟಿಕೊಟ್ಟ ಮಡಿಲಕ್ಕಿಯಲ್ಲಿ, ತವರಿಂದ ಬಂದ ವಾರವೇ ಪಾಯಸ ಮಾಡಬೇಕಿತ್ತು. ಅಷ್ಟರಲ್ಲಿ ಅವಳು ಹೋದಳು. ಬೇಯಿಸಲು ಮನಸ್ಸು ಬರದೆ ಒಂದು ವರ್ಷ ಹಾಗೇ ಇಟ್ಟೆ. ನುಸಿ ಬಿತ್ತು, ಬೇರೆ ಡಬ್ಬಗಳಿಗೂ ಹರಡಿತು. ಆದರೆ ಅದನ್ನು ಹಿತ್ತಲಿಗೆ ಸುರಿಯುವ ಮುಂಚೆ ನೀವು ಒಂದು ಮಾತು ಕೇಳಬಹುದಿತ್ತು.

ಅವರೆಕಾಳು ಮಹಡಿಯ ಬಿಸಿಲಲ್ಲಿದೆ, ಸಂಜೆ ಒಳಗೆ ತನ್ನಿ. ತೊಗರಿಬೇಳೆಗೆ ಹರಳೆಣ್ಣೆ ಸವರಿದ್ದೇನೆ. ಮೂಟೆಯ ಅಕ್ಕಿಯನ್ನು ನೆರಳಲ್ಲೇ ಹರವಿ. ಬಿಸಿಲಿಗೆ ಹಾಕಿದರೆ ನುಚ್ಚಾಗುತ್ತದೆ. ಹುಳ ತಾನಾಗಿಯೇ ಹೊರಟುಹೋಗುತ್ತದೆ, ಕೂಗಾಡಬೇಕಾಗಿಲ್ಲ. ನಿಮ್ಮ ಬಿ.ಪಿ. ಮಾತ್ರೆ ಸಾಸಿವೆ ಡಬ್ಬದ ಪಕ್ಕದಲ್ಲಿದೆ.

ಮತ್ತಿಕೆರೆಯ ಹುಡುಗಿಯರ ಪಿ.ಜಿ.ಯಲ್ಲಿ ಅಡುಗೆಗೆ ಕರೆದಿದ್ದರು, ಹೋಗುತ್ತಿದ್ದೇನೆ. ಅಲ್ಲೇ ಒಂದು ಕೋಣೆಯನ್ನೂ ಕೊಡುತ್ತಾರೆ. ನೀವು ಸುರಿದದ್ದನ್ನು ಹಿತ್ತಲಲ್ಲಿ ಕೂತು ಆರಿಸಿದೆ, ಒಂದು ಲೋಟ ಅಕ್ಕಿ ಸಿಕ್ಕಿತು. ತವರು ಅಂತ ನನಗೆ ಉಳಿದಿರುವುದು ಅಷ್ಟೇ. ಮಡಿಲಕ್ಕಿ ಗಂಡನ ಮನೆಯಲ್ಲೇ ಬೇಯಬೇಕು ಅಂತಾರೆ. ಇದು ಆ ಕೋಣೆಯಲ್ಲಿ ಬೇಯುತ್ತದೆ, ನಾನೊಬ್ಬಳೇ ಉಣ್ಣುತ್ತೇನೆ.

ರಾತ್ರಿ ಚಿಲಕ ಹಾಕಿಕೊಂಡು ಮಲಗಿ. ನನಗಾಗಿ ತೆರೆದಿಡಬೇಡಿ.

ಮುನಿರತ್ನಮ್ಮ